ಮಾರಿದ ಹೊಗೆ

ತೀರಿಕೊಂಡ ಅಪ್ಪನೂ ಹೊಗೆ ತಪಾಸಣೆಯ ಮೇಡಮ್ಮೂ ಒಂದೇ ದಿನ ಮನೆಗೆ ಬರುತ್ತಾರೆಂದು ತೋಯನಾಥ ರಿಜಾಲನಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು. ಅಪ್ಪನ ದಿನವನ್ನು ಪಂಚಾಂಗ ಗೊತ್ತು ಮಾಡಿತ್ತು, ಮೇಡಮ್ಮಿನ ದಿನವನ್ನು ಕಠ್ಮಂಡುವಿನ ಕಚೇರಿ. ಎರಡಕ್ಕೂ ಮನುಷ್ಯರ ಅನುಕೂಲ ಕೇಳುವ ಅಭ್ಯಾಸವಿಲ್ಲ.

ಶ್ರಾದ್ಧ ಮಾಡುವವನೆಂದು ಹಿಂದಿನ ದಿನ ಒಂದೇ ಹೊತ್ತು ಉಂಡಿದ್ದ. ಬೆಳಗಾಗುತ್ತಲೇ ಒರತೆಯ ತಣ್ಣೀರಿನಲ್ಲಿ ಮುಳುಗಿ, ಬಿಳಿ ಧೋತಿ ಸುತ್ತಿಕೊಂಡು, ಮಂಜಿನಲ್ಲಿ ಹಲ್ಲು ಕಡಿಯುತ್ತ ಅಡುಗೆಮನೆಗೆ ಬಂದ. ಈ ಒಂದು ವರ್ಷ ಸದ್ದಿಲ್ಲದೆ ಗೋಬರ್ ಗ್ಯಾಸಿನ ಒಲೆಯ ಮೇಲೆ ಪಿಂಡದ ಅನ್ನ ಮಾಡಿಬಿಡೋಣ ಎಂದುಕೊಂಡು ತಿರುಗಣೆಗೆ ಕೈ ಹಾಕಿದ.

"ಕಾಂಛಾ."

ಕಿರಿಮಗನಾದ್ದರಿಂದ ಅಮ್ಮನ ಬಾಯಲ್ಲಿ ಅವನು ಇಂದಿಗೂ ಕಾಂಛಾನೇ. ಅಮ್ಮ ಖಗಿಸರಾ ಜಗಲಿಯಲ್ಲಿ ಕೂತು ಎಳ್ಳು ಆರಿಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಆ ನೀಲಿ ಬೆಂಕಿ ಮೇಲೆ ಪಿಂಡದ ಅನ್ನ ಬೇಡ."

"ಯಾಕಮ್ಮಾ? ದಿನಾ ಅದರಲ್ಲಿ ಬೇಯಿಸಿದ್ದನ್ನೇ ತಾನೇ ಉಣ್ಣೋದು?"

"ನಾನು ಬದುಕಿದ್ದೀನಿ. ಬದುಕಿದ್ದೋರು ಏನು ಬೇಕಾದ್ರೂ ಉಣ್ತಾರೆ. ಆ ಗ್ಯಾಸ್ ಗುಂಡಿಗೆ ಬರೀ ಸಗಣಿ ಹೋಗುತ್ತಾ? ಪಾಯಿಖಾನೆ ಪೈಪೂ ಅದಕ್ಕೇ ಸೇರಿಸಿದ್ದೀಯ. ಅದರ ಗಾಳೀಲಿ ಬೆಂದ ಅನ್ನ ನಿಮ್ಮಪ್ಪನಿಗೆ ಇಡ್ತೀಯಾ?"

"ಉರಿಯೋವಾಗ ವಾಸನೆ ಬರಲ್ಲಮ್ಮಾ."

"ನಿನ್ನ ಮೂಗಿಗೆ ಬರಲ್ಲ. ಯಾರ ಮನೇಲಿ ತುಪ್ಪ ಕಾಯಿಸ್ತಿದ್ದಾರೆ ಅಂತ ಅವರು ಗುಡ್ಡದ ಕೆಳಗಿಂದ್ಲೇ ಹೇಳ್ತಿದ್ರು. ಮರೆತೆಯಾ?"

ಗದರಿಸಿ ಹೇಳಿದ್ದರೆ ತೋಯನಾಥ ವಾದಿಸುತ್ತಿದ್ದನೇನೋ. ಅವಳು ಎಳ್ಳಿನೊಳಗಿನ ಕಲ್ಲನ್ನು ಹೆಕ್ಕುತ್ತ ಮೆಲ್ಲಗೆ ಹೇಳಿದಳು. ವರ್ಷವಿಡೀ ಸೀರೆ ಕೇಳದವಳು, ಔಷಧಿ ಮುಗಿದರೂ ಹೇಳದವಳು, ಈ ಒಂದು ದಿನ ಮಾತ್ರ ಗಂಡನಿಗಾಗಿ ಒಂದು ಪಾತ್ರೆ ಅನ್ನ ಸೌದೆ ಒಲೆಯಲ್ಲಿ ಬೇಯಲಿ ಎನ್ನುತ್ತಿದ್ದಳು. ಅದೂ ಹೊತ್ತು ನೆತ್ತಿಯಿಂದ ವಾಲುವುದರೊಳಗೆ ಆಗಬೇಕು. ಇಷ್ಟನ್ನೂ ಮಾಡಿಕೊಡಲಾರದ ಮಗ ಇದ್ದೇನು?

ತೋಯನಾಥ ಅಂಗಳದ ಹಳೆಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಂಡತಿ ಇಂದ್ರಕಲಾ ಒಣಸೌದೆ ತಂದುಕೊಟ್ಟಳು.

"ರೀ, ಡಿಲ್ಲಿರಾಮಣ್ಣ ನೋಡಿದ್ರೆ?"

"ನೋಡೋದ್ರೊಳಗೆ ಬೆಂದಿರುತ್ತೆ ಬಿಡು."

ಸೌದೆಯಿಂದ ಎಳೆಯಷ್ಟು ಹೊಗೆ ಎದ್ದಿತು. ತೊಟ್ಟಿಲ ಮಗು ಮುಲುಗಿದ್ದೇ ತಡ ಓಡಿಬರುವ ಅಜ್ಜಿಯ ಹಾಗೆ ಡಿಲ್ಲಿರಾಮ ಸಾಪ್ಕೋಟಾ ಮೆಟ್ಟಿಲು ಹತ್ತಿ ಓಡಿಬಂದ. ಕೈಯಲ್ಲಿ ತಾಮ್ರದ ತಂಬಿಗೆ. ಒಂದು ಮಾತೂ ಆಡದೆ ನೀರು ಸುರಿದ. ಒಲೆ ಬುಸ್ಸೆಂದಿತು.

"ಏನೋ ತೋಯನಾಥ, ಊರನ್ನೇ ಮುಳುಗಿಸ್ತೀಯಾ?"

ಡಿಲ್ಲಿರಾಮ ಊರಿನ ಗ್ಯಾಸ್ ಸಮಿತಿಯ ಅಧ್ಯಕ್ಷ. ಹಿಂದೊಮ್ಮೆ ಎಂಜಿನಿಯರೊಬ್ಬ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ, ಸೌದೆ ಬಿಟ್ಟು ಗೋಬರ್ ಗ್ಯಾಸ್ ಉರಿಸುವ ಮನೆಗಳಿಂದ ಎಷ್ಟು ಹೊಗೆ ಏಳುವುದು ತಪ್ಪಿತೋ ಅಷ್ಟನ್ನು ಸಮುದ್ರದಾಚೆಯ ಕಂಪನಿಗಳು ಹಣ ಕೊಟ್ಟು ಕೊಳ್ಳುತ್ತವೆ, ಆ ಹಣದಲ್ಲಿ ಉಳಿದ ಮನೆಗಳಿಗೂ ಗುಂಡಿ ಕಟ್ಟಿಸುತ್ತೇವೆ ಎಂದು ವಿವರಿಸಿದ್ದ. ಕಾರ್ಬನ್ ವ್ಯಾಪಾರ ಎಂದು ಅದಕ್ಕೊಂದು ಹೆಸರನ್ನೂ ಹೇಳಿದ್ದ. ಹುಟ್ಟದೇ ಇರುವ ಹೊಗೆಯನ್ನು ಕೊಳ್ಳುವುದು ಹೇಗೆಂದು ಯಾರ ತಲೆಗೂ ಹೋಗಲಿಲ್ಲ. ಡಿಲ್ಲಿರಾಮ ಅದನ್ನು ತನಗೆ ಅರ್ಥವಾದ ಹಾಗೆ ಕತ್ತರಿಸಿ ಊರಿಗೆಲ್ಲ ಹಂಚಿದ: ನಮ್ಮ ಹೊಗೆ ಮಾರಾಟವಾಗಿದೆ.

"ಮಾರಿದ ಎಮ್ಮೇನ ಕದ್ದು ಕರೀತಾರೇನೋ?" ಎಂದು ಈಗ ಕೇಳಿದ. "ಕೊಂಡೋರು ಬಂದು ನೋಡೋ ದಿನ, ಕೊಂಡೋರ ಕಣ್ಣೆದುರಿಗೇ?"

"ಅಪ್ಪನ ಶ್ರಾದ್ಧ ಅಣ್ಣಾ. ಒಂದೇ ಒಂದು ಪಾತ್ರೆ."

"ಬೇರೆ ಯಾರ ಮನೆಯಾದ್ರೂ ಕಣ್ಣು ಮುಚ್ಕೋತಿದ್ದೆ. ಮೇಡಂ ನೋಡೋಕೆ ಬರ್ತಿರೋದು ನಿನ್ನ ಮನೇನೇ. ನಿನ್ನ ಒಲೆ ಹೇಗೋ ಮೇಲಿನ ಸಾಲಿನ ಎಲ್ಲಾ ಒಲೆ ಹಾಗೇ ಅಂತ ಲೆಕ್ಕ. ನಿನ್ನ ಮನೇಲಿ ಹೊಗೆ ಕಂಡ್ರೆ ತಗ್ಗಿನ ಸಾಲಿಗೆ ಗುಂಡಿ ಬಂದ ಹಾಗೇ."

ತಗ್ಗಿನ ಸಾಲು ಎಂದಕೂಡಲೇ ತೋಯನಾಥನ ಕಣ್ಣು ಕೆಳಗಿನ ಮನೆಗಳತ್ತ ಹೋಯಿತು. ಗುಂಡಿಯಿಲ್ಲದ ಆ ಮನೆಗಳಲ್ಲಿ ಮೊದಲನೆಯದು ಅವನ ಚಿಕ್ಕಪ್ಪನ ವಿಧವೆ ಪುತಲಿ ಚಿಕ್ಕಮ್ಮನದು. ಆಯುಷ್ಯವೆಲ್ಲ ಸೌದೆ ಒಲೆ ಊದಿದ ಅವಳ ಕೆಮ್ಮಿಗೆ ಊರಿನ ಕೋಳಿಗಳೆಲ್ಲ ಎಚ್ಚರಗೊಳ್ಳುತ್ತಿದ್ದವು. ಅಮ್ಮನ ಮಾತು ನಡೆಸಿದರೆ ಚಿಕ್ಕಮ್ಮನ ಎದೆ ಹೋಗುತ್ತದೆ, ಚಿಕ್ಕಮ್ಮನ ಎದೆ ಉಳಿಸಿದರೆ ಅಪ್ಪನ ಅನ್ನ. ಜಗಲಿಯಲ್ಲಿ ಅಮ್ಮ ಆರಿಸಿದ ಎಳ್ಳನ್ನೇ ಮತ್ತೆ ಆರಿಸುತ್ತಿದ್ದಳು.

ಡಿಲ್ಲಿರಾಮ ಅತ್ತ ಹೋದದ್ದೇ ತಡ ತೋಯನಾಥ ಪಾತ್ರೆ ಎತ್ತಿಕೊಂಡು ಕೊಟ್ಟಿಗೆ ಹೊಕ್ಕ. ಸೊಳ್ಳೆಗೆಂದು ಎಮ್ಮೆಗೆ ಹೊಗೆ ಹಾಕುವುದು ರೂಢಿ, ಯಾರೂ ಅನುಮಾನಿಸುವುದಿಲ್ಲ ಎಂದು ಅವನ ಎಣಿಕೆ. ಮಾರ್ಗಶಿರದ ಚಳಿಗೆ ಸೊಳ್ಳೆಗಳೆಲ್ಲ ಸತ್ತಿದ್ದವೆಂಬುದು ಅವನಿಗೆ ನೆನಪಾಗಲಿಲ್ಲ. ಎಮ್ಮೆಗೆ ನೆನಪಿತ್ತು. ಅದು ಎರಡು ಸಲ ಸೀನಿ, ಕೊಂಬು ಬೀಸಿ, ಇಡೀ ಗುಡ್ಡಕ್ಕೆ ಕೇಳುವ ಹಾಗೆ ಕೂಗಿತು.

"ಕೊಟ್ಟಿಗೇಲಿ ಹೊಗೆ! ತೋಯನಾಥನ ಕೊಟ್ಟಿಗೇಲಿ ಹೊಗೆ!" ಎಂದು ಪಕ್ಕದ ಮನೆಯ ಝುಮಾ ಅತ್ತಿಗೆ ಬೇಲಿಯ ಮೇಲಿಂದ ಸಾರಿದಳು. ಮತ್ತೆ ತಂಬಿಗೆ, ಮತ್ತೆ ಬುಸ್ಸು. ಈ ಸಲ ಅರ್ಧ ನೀರು ತೋಯನಾಥನ ಧೋತಿಯ ಮೇಲೆ ಬಿತ್ತು.

"ಪಾಪ, ನಡುಗ್ತಿದ್ದಾನೆ," ಎಂದಳು ಝುಮಾ. "ಒಲೆ ಮುಂದೆ ಕೂತು ಕಾಯಿಸ್ಕೋ ಅನ್ನೋಣ ಅಂದ್ರೆ ಒಲೇನೇ ಇಲ್ಲ."

ಒದ್ದೆ ಧೋತಿಯಲ್ಲಿ ಮೆಟ್ಟಿಲ ಮೇಲೆ ಕೂತವನನ್ನು ಕೆಳಗಿನಿಂದ ಪುತಲಿ ಚಿಕ್ಕಮ್ಮ ಕರೆದಳು. ಕರೆಯುವ ಮೊದಲು ಕೆಮ್ಮಿದಳು, ಕರೆದ ಮೇಲೂ ಕೆಮ್ಮಿದಳು.

"ಯಾಕೋ ಕಾಂಛಾ, ಅಂಗಳ, ಕೊಟ್ಟಿಗೆ ಅಂತ ಅಲೀತಿದ್ದೀಯ? ನನ್ನ ಒಲೆ ಇಲ್ವಾ? ನನಗೆ ಗುಂಡಿ ಕೊಟ್ಟಿಲ್ಲ, ನನ್ನ ಹತ್ರ ಏನೂ ಕೊಂಡಿಲ್ಲ. ನನ್ನ ಹೊಗೆ ಇನ್ನೂ ನಂದೇ."

ಇಷ್ಟು ಸುಲಭದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂದು ತೋಯನಾಥನಿಗೆ ನಾಚಿಕೆಯಾಯಿತು. ಮತ್ತೆ ಒರತೆಗೆ ಹೋಗಿ ಮುಳುಗಿ ಬಂದ. ಚಿಕ್ಕಮ್ಮನ ಒಲೆ ಹತ್ತಿಕೊಂಡಿತು. ಅಮ್ಮ ಕೋಲೂರಿಕೊಂಡು ಇಳಿದು ಬಂದು ಹೊಸ್ತಿಲಲ್ಲಿ ಕೂತಳು. ಹೊಗೆ ಕಣ್ಣಿಗೆ ತಾಗಿದರೂ ಸರಿಯಲಿಲ್ಲ. ಪುರೋಹಿತ ಹೋಮನಾಥ ಪಂಡಿತರು ದರ್ಭೆ ಬಿಚ್ಚಿ ತೋಯನಾಥನ ಬೆರಳಿಗೆ ತೊಡಿಸಿ ಅಗರಬತ್ತಿ ಹಚ್ಚಿದರು. ಅನ್ನ ಕುದಿಯುವ ಸದ್ದು ಕೇಳಿ ತೋಯನಾಥನ ಎದೆ ಹಗುರಾಯಿತು.

ಆದರೆ ಅಷ್ಟರಲ್ಲಿ ಡಿಲ್ಲಿರಾಮನಿಗೂ ಒಂದು ಯೋಚನೆ ಹೊಳೆದಿತ್ತು. ಗುಡ್ಡದ ಮೇಲೆ ನಿಂತು ನೋಡುವ ಮೇಡಮ್ಮಿಗೆ ಯಾವ ಹೊಗೆ ಮಾರಿದ್ದು, ಯಾವುದು ಮಾರದ್ದು ಎಂದು ಹೇಗೆ ಗೊತ್ತಾಗಬೇಕು? ಹೊಗೆಯ ಮೇಲೆ ಹೆಸರು ಬರೆದಿರುತ್ತದೆಯೇ? ಅವನು ಶಾಲೆಯ ಮೈಕು ತಂದು ಕೂಗತೊಡಗಿದ: "ಗುಂಡಿ ಇರೋರು, ಇಲ್ಲದೋರು, ಎಲ್ಲರೂ ಕೇಳಿ! ಮೇಡಂ ಹೋಗೋವರೆಗೆ ಈ ಗುಡ್ಡದ ಮೇಲೆ ಯಾರ ಮನೇಲೂ ಹೊಗೆ ಕಾಣಬಾರದು!"

ಸಮಿತಿಯವರು ತಂಬಿಗೆ ಹಿಡಿದು ತಗ್ಗಿನ ಸಾಲಿಗೆ ಇಳಿದರು. ಸೌದೆ ರಾಶಿಗಳ ಮೇಲೆ ಹುಲ್ಲು ಹೊದಿಸಿದರು, ಒಲೆಗಳಿಗೆ ಕೆಮ್ಮಣ್ಣು ಸಾರಿಸಿದರು. ಯಾರ ಮನೆಯ ಮದುವೆ ಮಾತುಕತೆಗೂ ಊರು ಇಷ್ಟು ಒಪ್ಪವಾಗಿರಲಿಲ್ಲ. ಪುತಲಿ ಚಿಕ್ಕಮ್ಮನ ಒಲೆಗೆ ನೀರು ಬಿದ್ದಾಗ ಅನ್ನ ಇನ್ನೇನು ಇಂಗಬೇಕು. ಝುಮಾ ಪಾತ್ರೆಯನ್ನು ಎತ್ತಿ ಮೂಲೆಯಲ್ಲಿಟ್ಟು ಮೇಲೆ ಬಿದಿರು ಬುಟ್ಟಿ ಕವುಚಿದಳು. ಸಮಿತಿಯವನೊಬ್ಬ ಪಂಡಿತರ ಕೈಯಿಂದ ಅಗರಬತ್ತಿ ಕಿತ್ತುಕೊಂಡ.

"ಅಗರಬತ್ತೀನೂ ಬೇಡ್ವೇನ್ರೋ?"

"ಕೋಪ ಮಾಡ್ಕೋಬೇಡಿ ಪಂಡಿತರೇ. ನಿಮ್ಮ ಹೆಸರು ಹೋಮನಾಥ ಅಂತ ಗೊತ್ತಾದ್ರೇ ಸಾಕು, ಮೇಡಂಗೆ ಅನುಮಾನ ಬರೋಕೆ."

ಜೀಪಿನ ಸದ್ದು ಕೇಳಿಸಿತು. ತೋಯನಾಥ ಧೋತಿ ಎತ್ತಿಕಟ್ಟಿ ಮೇಲಕ್ಕೆ ಓಡಿದ.

ತುಲಾಧರ್ ಮೇಡಂ ಸಣ್ಣ ಮೈಕಟ್ಟಿನ, ದಣಿದ ಮುಖದ ಹೆಂಗಸು. ಬೆಳಗಿನಿಂದ ಗುಡ್ಡ ಹತ್ತಿಳಿದು ಏನೂ ತಿಂದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಇಂದ್ರಕಲಾ ಗ್ಯಾಸಿನ ಒಲೆ ಹಚ್ಚಿ ತೋರಿಸಿದಳು. ನೀಲಿ ಬೆಂಕಿ ಹೂವಿನ ಹಾಗೆ ಅರಳಿತು. ಮೇಡಂ ಗುಂಡಿ ನೋಡಿದರು, ಪೈಪು ನೋಡಿದರು, ಅಂಗಳದ ಒದ್ದೆ ಒಲೆಯನ್ನು ಡಿಲ್ಲಿರಾಮ ತನ್ನ ಕಾಲಿನಿಂದ ಮರೆಮಾಡಿ ನಿಂತಿದ್ದರಿಂದ ಅದನ್ನೊಂದು ಬಿಟ್ಟು ಎಲ್ಲ ನೋಡಿದರು.

"ಚೆನ್ನಾಗಿದೆ," ಎಂದರು. ಆಮೇಲೆ ಅಂಗಳದ ಅಂಚಿಗೆ ಹೋಗಿ ತಗ್ಗಿನ ಸಾಲಿನ ಕಡೆ ನೋಡಿ ಹುಬ್ಬುಗಂಟಿಕ್ಕಿದರು. "ಅಲ್ಲಿ ಯಾಕೆ ಎಲ್ಲೂ ಹೊಗೆ ಕಾಣ್ತಿಲ್ಲ? ಅಡುಗೆ ಹೊತ್ತಲ್ವಾ ಇದು?"

ಡಿಲ್ಲಿರಾಮ ಈ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಎದೆ ಉಬ್ಬಿಸಿದ. "ನಮ್ಮ ಊರಲ್ಲಿ ಯಾರೂ ಸೌದೆ ಸುಡಲ್ಲ ಮೇಡಂ! ಗುಂಡಿ ಇರೋರೂ ಸುಡಲ್ಲ, ಇಲ್ಲದೋರೂ ಸುಡಲ್ಲ!"

ಮೇಡಮ್ಮಿನ ಪೆನ್ನು ನಿಂತಿತು.

"ಹಾಗಾದ್ರೆ ಅವರಿಗೆ ಗುಂಡಿ ಯಾಕೆ?"

"ಆಂ?"

"ಅಧ್ಯಕ್ಷರೇ, ಇವತ್ತು ಹೊಗೆ ಬರ್ತಿದೆ, ನಾಳೆ ಗ್ಯಾಸ್ ಬಂದ್ಮೇಲೆ ನಿಲ್ಲುತ್ತೆ, ಆ ನಿಂತಿದ್ದಕ್ಕೆ ತಾನೇ ಹಣ ಕೊಡೋದು? ಮೊದಲೇ ಹೊಗೆ ಇಲ್ಲ ಅಂದ್ರೆ ನಿಲ್ಲಿಸೋದು ಏನನ್ನ? ತಗ್ಗಿನ ಸಾಲಿನ ಹೆಸರು ಬಿಡಬೇಕಾಗುತ್ತೆ."

ಡಿಲ್ಲಿರಾಮನ ಎದೆ, ಕುಕ್ಕರಿನ ಸೀಟಿ ತೆಗೆದ ಹಾಗೆ, ಉಸ್ಸೆಂದು ಇಳಿಯಿತು. ಕೆಳಗಿನಿಂದ ಪುತಲಿ ಚಿಕ್ಕಮ್ಮನ ಕೆಮ್ಮು ಕೇಳಿಬಂತು, ಒಂದು, ಮತ್ತೊಂದು.

"ಸುಡ್ತಾರೆ ಮೇಡಂ!" ಎಂದ ತೋಯನಾಥ. ಅವನ ದನಿ ಅವನಿಗೇ ದೊಡ್ಡದೆನಿಸಿತು. "ಈಗ ತಾನೇ ಸುಡ್ತಿದ್ರು. ನಿಮಗೆ ಹೆದರಿ ಆರಿಸಿದ್ದು. ಬನ್ನಿ, ತೋರಿಸ್ತೀನಿ."

ಇಡೀ ಊರು ಅವರ ಹಿಂದೆ ಇಳಿಯಿತು. ಚಿಕ್ಕಮ್ಮನ ಅಡುಗೆಮನೆಯಲ್ಲಿ ಕೆಮ್ಮಣ್ಣು ಸಾರಿಸಿದ ಒಲೆ ಹೊಸ ಸೊಸೆಯ ಹಾಗೆ ಕೆಂಪಗೆ ಮಿರುಗುತ್ತಿತ್ತು. ಮೇಡಂ ಹೊಸ್ತಿಲಲ್ಲೇ ನಿಂತು ತಲೆಯಾಡಿಸಿದರು. "ಈ ಒಲೆ ಉರಿದು ಎಷ್ಟೋ ದಿನ ಆದಂತಿದೆ."

ತೋಯನಾಥ ಮೂಲೆಯ ಬುಟ್ಟಿ ಎತ್ತಿದ. ಬಿಸಿ ಅನ್ನದ ಆವಿ, ಸೌದೆಯ ಘಮ, ಎರಡೂ ಒಟ್ಟಿಗೆ ಎದ್ದು ಅಡುಗೆಮನೆ ತುಂಬಿದವು. ಪಾತ್ರೆಯ ತಳದಲ್ಲಿ ಮಸಿ ಇನ್ನೂ ಒದ್ದೆಯಾಗಿತ್ತು.

ಮೇಡಮ್ಮಿನ ಮುಖ ಅರಳಿತು. ಆಮೇಲೆ ತಮ್ಮ ಕೆಲಸ ನೆನಪಾಗಿ, "ಇದು ಯಾರ ಅನ್ನ?" ಎಂದರು.

ತೋಯನಾಥ ಎತ್ತಿದ ಬುಟ್ಟಿಯನ್ನು ಕೆಳಗಿಟ್ಟ. ತನ್ನದೆಂದರೆ, ಗ್ಯಾಸಿರುವ ಮನೆಯವನು ಕದ್ದು ಸೌದೆ ಸುಟ್ಟಂತೆ, ಮೇಲಿನ ಸಾಲಿಗೆಲ್ಲ ಅದೇ ಲೆಕ್ಕ. ಚಿಕ್ಕಮ್ಮನದೆಂದರೆ ಊರು ಉಳಿಯುತ್ತದೆ. ಆದರೆ ಶ್ರಾದ್ಧದ ದಿನ ದರ್ಭೆ ತೊಟ್ಟ ಕೈಯವನು ಬಾಯಿಬಿಟ್ಟು ಆಡಿದ್ದೆಲ್ಲ ಸಂಕಲ್ಪ. ಅನ್ನ ಇಂಥವರದು ಎಂದುಬಿಟ್ಟರೆ ಅದು ಅವರಿಗೇ ಕೊಟ್ಟ ಹಾಗೆ, ಅಪ್ಪನಿಗಲ್ಲ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಪುತಲಿಯ ಕಡೆ ನೋಡುತ್ತಿದ್ದಳು. ಪುತಲಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮು ತಡೆಯುತ್ತಿದ್ದಳು.

"ಚಿಕ್ಕಮ್ಮನದು," ಎಂದ.

ಹೋಮನಾಥ ಪಂಡಿತರು ಕಣ್ಣು ಮುಚ್ಚಿಕೊಂಡರು. "ಹೋಯ್ತು," ಎಂದು ಮೆಲ್ಲಗೆ ಗೊಣಗಿದರು.

"ಸರಿ ಹಾಗಾದ್ರೆ," ಎಂದ ಮೇಡಂ ಕೊಂಚ ನಾಚಿ, "ಅಮ್ಮಾ, ತಪ್ಪು ತಿಳೀಬೇಡಿ, ಒಂದು ಹಿಡಿ ಹಾಕ್ತೀರಾ? ಬೆಳಗಿಂದ ಖಾಲಿ ಹೊಟ್ಟೆ," ಎಂದು ಪುತಲಿಯನ್ನು ಕೇಳಿದರು.

ಮನೆಗೆ ಬಂದವರು ಬಾಯಿಬಿಟ್ಟು ಅನ್ನ ಕೇಳಿದರೆ ಇಲ್ಲವೆನ್ನುವವರು ಆ ಗುಡ್ಡದ ಮೇಲೆ ಯಾರಿದ್ದಾರೆ? ಪುತಲಿ ಎಲೆಯ ಮೇಲೆ ಅನ್ನ ಬಡಿಸಿ ಮೊಸರು ಹಾಕಿದಳು. ತೋಯನಾಥನ ಅಪ್ಪನ ಅನ್ನವನ್ನು ತುಲಾಧರ್ ಮೇಡಂ ಜಗಲಿಯಲ್ಲಿ ಕೂತು ತೃಪ್ತಿಯಾಗಿ ಉಂಡರು. ನೋಡುತ್ತ ನಿಂತ ಅವನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುಡುಗಿತು.

"ನಮ್ಮಜ್ಜಿ ಮನೆ ಅನ್ನದ ರುಚಿ," ಎಂದರು ಮೇಡಂ, ಕೈ ತೊಳೆಯುತ್ತ. "ಈಗ ಎಲ್ಲರೂ ಒಲೆ ಹಚ್ಚಿ. ಯಾರ್‍ಯಾರು ಸೌದೆ ಸುಡ್ತೀರೋ ಕಣ್ಣಾರೆ ನೋಡ್ಬೇಕು."

ಆಮೇಲೆ ಆದದ್ದನ್ನು ಆ ಊರು ಬಹಳ ದಿನ ಮರೆಯಲಿಲ್ಲ. ಬೆಳಗಿನಿಂದ ನೀರು ಹೊತ್ತು ತಿರುಗಿದ ಡಿಲ್ಲಿರಾಮ ಈಗ ಊದುಗೊಳವೆ ಹಿಡಿದು ಮನೆಯಿಂದ ಮನೆಗೆ ಓಡಿದ. ಒದ್ದೆ ಸೌದೆಗೆ ಊದಿ ಊದಿ ಅವನ ಕೆನ್ನೆ ಕಿತ್ತಳೆಯಂತಾಯಿತು. "ಊದ್ರೋ! ಇನ್ನೂ ದಪ್ಪಗೆ ಬರ್ಲಿ!" ತಗ್ಗಿನ ಸಾಲಿನಿಂದ ಎದ್ದ ಹೊಗೆ ಗುಡ್ಡವನ್ನೇ ನುಂಗಿತು. ಮೇಡಂ ಸೆರಗು ಮೂಗಿಗೊತ್ತಿಕೊಂಡು, ಕಣ್ಣೀರು ಸುರಿಸುತ್ತ, ಒಂದೊಂದೇ ಮನೆಯ ಹೆಸರು ಬರೆದುಕೊಂಡರು.

ಆ ಗದ್ದಲದಲ್ಲಿ ತೋಯನಾಥ ಮೂರನೆಯ ಸಲ ಒರತೆಯಲ್ಲಿ ಮುಳುಗಿ ಬಂದು, ಚಿಕ್ಕಮ್ಮನ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟ. ಈ ಸಲ ಯಾರ ಅನ್ನವೆಂದು ಯಾರೂ ಕೇಳಲಿಲ್ಲ. ಹೊತ್ತು ವಾಲುವ ಮುಂಚೆ, ಮನೆಯ ಅಂಗಳದಲ್ಲಿ, ಅಪ್ಪನ ಹೆಸರು ಹಿಡಿದು ಪಿಂಡ ಇಟ್ಟ. ಎಳ್ಳುನೀರು ಬಿಡುವಾಗ ಅವನ ಬೆರಳು ಮರಗಟ್ಟಿದ್ದವು. ಅಮ್ಮ ಕೈ ಮುಗಿದು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಅವಳೇ ಪಿಂಡವನ್ನು ಎಲೆಯ ಸಮೇತ ಎತ್ತಿ, ಕೊಟ್ಟಿಗೆಯ ಹಸು ತಾರಿಗೆ ತಿನ್ನಿಸಿ, ಅದರ ಗಂಗೆದೊಗಲು ಸವರಿದಳು.

"ತೃಪ್ತಿಯಾಯ್ತು ಕಾಂಛಾ," ಎಂದಳು. "ಅವರಿಗೂ ಆಗಿರುತ್ತೆ."

ಆ ಮಾತಿನ ಮೇಲೆ ತೋಯನಾಥ ಉಂಡ ಅನ್ನಕ್ಕೆ ಅಮೃತದ ರುಚಿಯಿತ್ತು. ಚಿಕ್ಕಮ್ಮನಿಗೆ ಗುಂಡಿ ಬರುತ್ತದೆ, ಅಪ್ಪನಿಗೆ ಸೌದೆ ಒಲೆಯ ಅನ್ನ ಸಂದಿದೆ. ಮೇಡಂ ಜೀಪು ಹತ್ತಿದ್ದಾರೆ. ಇಷ್ಟು ಒಳ್ಳೆಯ ದಿನ ತನ್ನ ಹಣೆಯಲ್ಲಿ ಬರೆದಿತ್ತೇ ಎಂದು ಅವನು ಕಂಬಳಿ ಹೊದ್ದು ಜಗಲಿಯಲ್ಲಿ ಕಾಲು ಚಾಚಿದ.

ಸಂಜೆ ಇಂದ್ರಕಲಾ ಕೊಟ್ಟಿಗೆ ಗುಡಿಸಿ, ಸಗಣಿ ಬುಟ್ಟಿ ಹೊತ್ತು ಗುಂಡಿಯ ಬಾಯಿಯ ಹತ್ತಿರ ಹೋದಳು.

"ಇಂದ್ರಾ, ಅದು ಯಾರ ಸಗಣಿ?" ಎಂದು ಅಮ್ಮ ಕೇಳಿದಳು.

"ತಾರೀದು ಅತ್ತೇ. ಯಾಕೆ?"

ಅಮ್ಮ ಹಸುವನ್ನು ನೋಡಿದಳು. ಗುಂಡಿಯನ್ನು ನೋಡಿದಳು. ಗುಂಡಿಯಿಂದ ಹೊರಟು ಗೋಡೆ ಹತ್ತಿ ಅಡುಗೆಮನೆಗೆ ನುಗ್ಗುವ ಪೈಪಿನ ಗುಂಟ ಅವಳ ಕಣ್ಣು ನಿಧಾನವಾಗಿ ಸಾಗಿತು.

"ಕಾಂಛಾ, ಎದ್ದೇಳು."

"ಏನಮ್ಮಾ?"

"ಪಿಂಡ ತಿಂದದ್ದು ತಾರಿ."

"ಹೂಂ."

"ತಾರಿ ಸಗಣಿ ಆ ಗುಂಡಿಗೆ ಹೋಗುತ್ತೆ. ಪಾಯಿಖಾನೆ ಪೈಪಿನ ಜೊತೆ."

ತೋಯನಾಥ ಕಂಬಳಿಯಿಂದ ಎದ್ದು ಕೂತ. "ಅಮ್ಮಾ, ಇವತ್ತು ತಿಂದದ್ದು ಇವತ್ತೇ ಬರಲ್ಲಮ್ಮಾ."

"ನಾಳೆ ಬರುತ್ತಲ್ಲ?" ಅಮ್ಮನ ದನಿ ಬೆಳಗಿನಷ್ಟೇ ಮೆಲ್ಲಗಿತ್ತು. "ಗುಂಡಿ ಕಟ್ಟಿಸಿದಾಗಿನಿಂದ ಪ್ರತಿ ವರ್ಷ ಹೀಗೇ ಆಗಿದೆ. ಅಯ್ಯೋ ದೇವರೇ, ನಾನು ನಿಮ್ಮಪ್ಪನ ಮೇಲೆ ಚಹಾ ಕಾಯಿಸ್ಕೊಂಡು ಕುಡಿದಿದ್ದೀನಿ."

ಇಂದ್ರಕಲಾ ಬುಟ್ಟಿಯನ್ನು ಕೆಳಗಿಳಿಸಿ, ನಗು ಬರದಂತೆ ಆಚೆ ತಿರುಗಿದಳು. ಅಮ್ಮನ ಕಣ್ಣಲ್ಲಿ ನೀರು ಕಂಡು ಆಮೇಲೆ ಅವಳಿಗೂ ನಗು ಬರಲಿಲ್ಲ.

"ಆ ಒಲೆ ಇನ್ನು ಹಚ್ಚೋದು ಬೇಡ," ಎಂದಳು ಅಮ್ಮ. "ಅವರು ಪೂರ್ತಿ ಹೊರಟು ಹೋಗೋವರೆಗೂ ಸೌದೆ ಒಲೇನೇ."

"ಎಷ್ಟು ದಿನಮ್ಮಾ?"

"ಅದು ನಿನ್ನ ಎಂಜಿನಿಯರನ್ನ ಕೇಳು."

ಆಗಲೇ ಮೆಟ್ಟಿಲ ಮೇಲೆ ಡಿಲ್ಲಿರಾಮನ ತಲೆ ಕಂಡಿತು. ಮುಖಕ್ಕೆ ಮೆತ್ತಿದ ಮಸಿಯ ನಡುವೆ ಹಲ್ಲು ಮಿನುಗುತ್ತಿದ್ದವು.

"ತೋಯನಾಥ, ಸಿಹಿ ಸುದ್ದಿ! ನಿನ್ನ ಮನೆ ಮೇಡಂಗೆ ಭಾಳ ಹಿಡಿಸಿದೆಯಂತೆ. ಗ್ಯಾಸ್ ಎಷ್ಟು ಉರಿಯುತ್ತೆ ಅಂತ ಅಳೆಯೋ ಮೀಟರು ನಿನ್ನ ಒಲೆಗೇ ಹಾಕಿಸ್ತಾರೆ. ನಾಳೆ ಬೆಳಗ್ಗೇನೇ ಬರ್ತಾರೆ. ಇನ್ನು ವರ್ಷಪೂರ್ತಿ ಊರಿನ ಮಾನ ನಿನ್ನ ನೀಲಿ ಬೆಂಕೀಲಿದೆ. ಗುಂಡಿಗೆ ಸಗಣಿ ಮಾತ್ರ ಒಂದು ದಿನಾನೂ ತಪ್ಪಿಸಬೇಡ, ತಿಳೀತಾ?"

ತೋಯನಾಥ ಅವನನ್ನು ನೋಡಿದ. ಅಮ್ಮನನ್ನು ನೋಡಿದ. ಆಮೇಲೆ ಹಸುವಿನ ಕಡೆ ತಿರುಗಿದ.

ತಾರಿ ಮೆಲುಕು ನಿಲ್ಲಿಸಿ, ಸಾವಕಾಶವಾಗಿ, ಬಾಲ ಎತ್ತಿತು.